ನುಡಿಸದೆ ಉಳಿದ ಉತ್ತರ

"ಗುರುಗಳೇ, ನನ್ನ ಮೊದಲ ಗುರುಗಳು ತೀರಿಕೊಂಡ ಮೇಲೆ ನಿಮ್ಮಲ್ಲಿಗೆ ಬಂದೆ. ನೀವು ಪಾಠ ಹೇಳುವಾಗಲೂ, ಅವರಾಗಿದ್ದರೆ ಏನು ಹೇಳುತ್ತಿದ್ದರು ಎಂದೇ ಮನಸ್ಸು ಹುಡುಕುತ್ತದೆ. ಈ ಹಂಬಲ ತಪ್ಪೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು. ಅವರಿಗೆ ಜಾಝ್ ಸಂಗೀತ ಹೇಗೆ ಗೊತ್ತು ಎಂದು ಶಿಷ್ಯ ಕೇಳಲಿಲ್ಲ. ಆ ಮಠದಲ್ಲಿ ಅಂಥದ್ದನ್ನು ಕೇಳುವ ಪದ್ಧತಿ ಇರಲಿಲ್ಲ.

ಒಬ್ಬ ಸ್ಯಾಕ್ಸೋಫೋನ್ ವಾದಕನಿದ್ದ. ಅವನದು ಮೂವರ ತಂಡ. ಜೊತೆಗೆ ಪಿಯಾನೊದವನೊಬ್ಬ, ಡ್ರಮ್ಮಿನವನೊಬ್ಬ. ಬರೆದಿಟ್ಟುಕೊಂಡು ನುಡಿಸುವುದು ಅವರಿಗೆ ಒಗ್ಗುತ್ತಿರಲಿಲ್ಲ. ವಾದಕ ಆ ಗಳಿಗೆಗೆ ಹೊಳೆದ ಒಂದು ಸಾಲು ನುಡಿಸಿ ನಿಲ್ಲಿಸುತ್ತಿದ್ದ. ಪಿಯಾನೊದವನು ಆ ಗಳಿಗೆಯಲ್ಲೇ ಉತ್ತರ ಕೊಡುತ್ತಿದ್ದ. ಆ ಉತ್ತರ ಕೇಳುವುದಕ್ಕೆಂದೇ ತಾನು ನುಡಿಸುತ್ತಿದ್ದೆ ಎಂಬುದು ವಾದಕನಿಗೆ ತಿಳಿದದ್ದು ಪಿಯಾನೊದವನು ಸತ್ತ ಮೇಲೆ.

ಕೆಲವು ಕಾಲದ ನಂತರ ಹೊಸ ಆಲ್ಬಂ ಮಾಡುವ ಅವಕಾಶ ಬಂತು. ಪಿಯಾನೊಗೆ ಒಬ್ಬ ಹೆಂಗಸು ಬಂದಳು. ವಾದಕ ಒಂದು ಸಾಲು ನುಡಿಸಿ ನಿಲ್ಲಿಸಿದ. ಅವಳು ಉತ್ತರ ಕೊಟ್ಟಳು.

"ಇದಲ್ಲ" ಎಂದ. ಮತ್ತೆ ನುಡಿಸಿದ. ಅವಳು ಬೇರೆ ಉತ್ತರ ಕೊಟ್ಟಳು. "ಇದೂ ಅಲ್ಲ."

"ಮತ್ತೆ ಯಾವುದಣ್ಣಾ?"

"ಅವನಿದ್ದಿದ್ದರೆ ನುಡಿಸುತ್ತಿದ್ದದ್ದು."

"ಹೋಗಿ ಅವನನ್ನೇ ಕೇಳಿಕೊಂಡು ಬಾ ಮಾರಾಯ, ನಾವು ಇಲ್ಲೇ ಕಾಯ್ತೇವೆ" ಎಂದ ಡ್ರಮ್ಮಿನವನು.

ಕೊನೆಗೆ ವಾದಕ, "ನಾನು ನಿಲ್ಲಿಸಿದಲ್ಲಿ ನೀನು ಸುಮ್ಮನಿದ್ದುಬಿಡಮ್ಮ" ಎಂದ. ಅವಳು ಸುಮ್ಮನಿದ್ದಳು.

ಆಲ್ಬಂ ಹೊರಬಂತು. ಮೌನವನ್ನು ಇಷ್ಟು ಚೆನ್ನಾಗಿ ಯಾರೂ ನುಡಿಸಿಲ್ಲ ಎಂದು ವಿಮರ್ಶಕರೊಬ್ಬರು ಬರೆದರು. ಆ ಮೌನದ ತತ್ವವನ್ನು ಇನ್ನೊಬ್ಬರು ಉದ್ದಕ್ಕೆ ವಿವರಿಸಿದರು. ಅದನ್ನು ಓದಿದ ಮೇಲೆ ವಾದಕನಿಗೂ ಸ್ವಲ್ಪ ಅರ್ಥವಾಯಿತು.

ಒಂದು ಬೆಳಿಗ್ಗೆ ಅವನು ಹೆಡ್‌ಫೋನ್ ಹಾಕಿಕೊಂಡು ಕೂತ. ಖಾಲಿ ಬಿಟ್ಟ ಜಾಗದಲ್ಲಿ ಗೆಳೆಯ ಕೇಳಿಸಿಯಾನು ಎಂಬ ಆಸೆ. ಕೇಳಿಸಿದ್ದು ಬೇರೆ. ಪ್ರತಿ ಮೌನದಲ್ಲೂ ಬೆರಳುಗಳು ಪಿಯಾನೊದ ಕೀಗಳ ಮೇಲೆ ಕೂತು, ಒತ್ತದೆ, ಮೇಲೆದ್ದ ಸಣ್ಣ ಸದ್ದು.

ಅವನು ಅವಳ ಮನೆಗೆ ಓಡಿದ. "ಅಲ್ಲಿ ಏನು ನುಡಿಸಬೇಕೆಂದಿದ್ದೆಯಮ್ಮ?"

"ಈಗ ಹೇಗೆ ಹೇಳಲಿ ಅಣ್ಣಾ? ನೀವು ನಿಲ್ಲಿಸಿದಾಗ ಬಂದಿತ್ತು. ನೀವು ಮುಂದೆ ಹೋದಿರಿ, ಅದೂ ಹೋಯಿತು."

ಅಂದಿನಿಂದ ಅವನು ಎರಡು ಉತ್ತರಗಳಿಗಾಗಿ ಹಂಬಲಿಸಿದ. ಒಂದನ್ನು ಸಾವು ಒಯ್ದಿತ್ತು. ಇನ್ನೊಂದನ್ನು ಅವನೇ ಬೇಡವೆಂದಿದ್ದ.

ಶಿಷ್ಯ ಮರುಗಿದ. "ಪಾಪ, ಎದುರಿಗೆ ಕೂತವಳನ್ನು ಅವನು ಒಮ್ಮೆಯಾದರೂ ಕೇಳಿಸಿಕೊಳ್ಳಬೇಕಿತ್ತು. ನನ್ನ ಮೊದಲ ಗುರುಗಳಾಗಿದ್ದರೂ ಇದನ್ನೇ ಹೇಳುತ್ತಿದ್ದರು."

"ನೀನು ಇಲ್ಲಿಗೆ ಬಂದಾಗಿನಿಂದ ನಾನೂ ಬೆರಳಿಟ್ಟು ಎತ್ತುತ್ತಲೇ ಇದ್ದೇನೆ ಮಗೂ" ಎಂದರು ಗುರುಗಳು.