ರಾತ್ರಿಯ ಸುದ್ದಿ ಕೇಳುವವ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ:

“ಗುರುಗಳೇ, ಬೆಳಗ್ಗೆ ನಾನು ಕಣ್ಣು ಬಿಡುವಷ್ಟರಲ್ಲಿ ಯೋಚನೆಗಳು ತಾವಾಗಿಯೇ ಎದ್ದು ಕೂತಿರುತ್ತವೆ. ನಿನ್ನೆಯ ಜಗಳ, ಎಂದೋ ಕೇಳಿದ ಹಾಡು, ಯಾರೋ ಹೊಗಳಿದ ಮಾತು. ಎಲ್ಲಕ್ಕೂ ಮೊದಲು ಏಳುವುದು ಒಂದು ಅಳುಕು. ಏಕೆಂದು ತಿಳಿಯದು. ಹೆಚ್ಚು ಹೊತ್ತು ತಿನ್ನುವುದೂ ಅದೇ. ಇವನ್ನೆಲ್ಲ ಒಂದೇ ಏಟಿಗೆ ನಿಲ್ಲಿಸುವ ದಾರಿ ಯಾವುದು?”

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ಔಷಧಿ ವ್ಯಾಪಾರಿಯಿದ್ದ. ನೇರ ಮನುಷ್ಯ. ಕಂಪ್ಯೂಟರಿನ ಬಿಲ್ಲಿಲ್ಲದೆ ಒಂದು ಮಾತ್ರೆಯನ್ನೂ ಕೊಡುವವನಲ್ಲ. ಬೋಣಿಗೆಯ ವಿಷಯದಲ್ಲಿ ಮಾತ್ರ ಅವನಿಗೆ ಹಟ. ದಿನದ ಮೊದಲ ಗಿರಾಕಿ ಕಾಯಬಾರದು, ಬರಿಗೈಯಲ್ಲಿ ಹೋಗಬಾರದು. ಬೋಣಿಗೆ ಕೆಟ್ಟರೆ ದಿನ ಕೆಟ್ಟಿತು ಎಂದೇ ಅವನ ಲೆಕ್ಕ.

ಆ ಬೋಣಿಗೆ ಒಬ್ಬ ಹೂವಾಡಗಿತ್ತಿಯದು. ಅವಳ ಕೈಗುಣ ಒಳ್ಳೆಯದೆಂದು ಅವನ ನಂಬಿಕೆ. ಅವಳ ಮಗಳಿಗೆ ಸಕ್ಕರೆ ಕಾಯಿಲೆ. ದಿನವೂ ಇನ್ಸುಲಿನ್ ಚುಚ್ಚಿದರೆ ಮಾತ್ರ ಆ ಮಗು ಬದುಕುತ್ತದೆ. ಹೂವಾಡಗಿತ್ತಿ ಅಂಗಡಿಯ ದೇವರ ಪಟಕ್ಕೆ ಒಂದು ಮೊಳ ಹೂ ಕೊಟ್ಟು, ಮಗಳಿಗೆ ಬೇಕಾದ ಸೂಜಿಯನ್ನೋ ಹತ್ತಿಯನ್ನೋ ಮದ್ದನ್ನೋ ಕೊಂಡು, ಆಮೇಲೆ ಪೇಟೆಗೆ ಹೋಗುತ್ತಿದ್ದಳು.

ಬರಬರುತ್ತಾ ಅವಳು ಕಾಯುವಂತಾಯಿತು. ವ್ಯಾಪಾರಿ ಕಂಪ್ಯೂಟರಿನ ಗುಂಡಿ ಒತ್ತಿದರೆ ಬಿಲ್ಲಿನ ಪ್ರೋಗ್ರಾಂ ಒಂದೇ ಏಳುತ್ತಿರಲಿಲ್ಲ. ಪ್ರಿಂಟರಿನದೊಂದು ಎದ್ದು, ಎಂದೋ ಗುಜರಿಗೆ ಹೋದ ಪ್ರಿಂಟರನ್ನು ಹುಡುಕುತ್ತಿತ್ತು. ಇನ್ನೊಂದು ಸುಪ್ರಭಾತ ಹಾಡುತ್ತಿತ್ತು. ಮತ್ತೊಂದು ಅವನ ಹೆಸರು ಹಿಡಿದು ಶುಭೋದಯ ಹೇಳುತ್ತಿತ್ತು. ಹೆಸರೇ ಅರ್ಥವಾಗದ ಇನ್ನೆಷ್ಟೋ ಇದ್ದವು. ಒಳಗೆ ಬರುವ ದಿನ ಒಂದೊಂದೂ ಅವನನ್ನು ಕೇಳಿಯೇ ಬಂದಿತ್ತು: ಇನ್ನು ಮುಂದೆ ನೀನು ಬಾಗಿಲು ತೆರೆದಾಗಲೆಲ್ಲ ನಾನೂ ಏಳಲೇ? ಅವನು ಓದದೆ ಆಗಲಿ ಎಂದಿದ್ದ.

“ಏನಣ್ಣಾ, ನಿಮ್ಮ ಪೆಟ್ಟಿಗೆಗೆ ಇನ್ನೂ ಬೆಳಗಾಗಲಿಲ್ವಾ?” ಎಂದಳು ಹೂವಾಡಗಿತ್ತಿ ಒಂದು ದಿನ. “ಮೊಗ್ಗು ಬುಟ್ಟೀಲೇ ಅರಳ್ತಾ ಇದೆ. ಅರಳಿದ ಮಲ್ಲಿಗೆ ಯಾರು ತಗೋತಾರೆ?”

ವ್ಯಾಪಾರಿಗೆ ಮುಖಕ್ಕೆ ಹೊಡೆದಂತಾಯಿತು. ಅಂದೇ ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದ. ತಾವಾಗಿ ಏಳುವ ಪ್ರೋಗ್ರಾಂಗಳೆಲ್ಲ ಒಂದೇ ಕಡೆ ಕಾಣುವ ಜಾಗವನ್ನು ಅವನು ತೆರೆದು ತೋರಿಸಿದ. ಒಂದೊಂದರ ಎದುರಿಗೂ ಒಂದು ಗುಂಡಿ. ಒತ್ತಿದರೆ ಮರುದಿನದಿಂದ ಅದು ಏಳುವುದಿಲ್ಲ.

ವ್ಯಾಪಾರಿ ಒತ್ತುತ್ತಾ ಹೋದ. ಸುಪ್ರಭಾತವನ್ನು ಮಾತ್ರ ಒತ್ತದೆ ಉಳಿಸಿಕೊಂಡ. ಶುಭೋದಯ ಹೇಳುವುದನ್ನೂ ಉಳಿಸಿಕೊಂಡ.

“ಸಾಹುಕಾರ್ರೇ, ಸ್ವಲ್ಪ ತಡೀರಿ” ಎಂದ ರಿಪೇರಿಯವನು. “ಎಲ್ಲಕ್ಕಿಂತ ಹೆಚ್ಚು ಹೊತ್ತು ತಿನ್ನೋದು ಇದೊಂದೇ. ಆದ್ರೆ ಇದು ಯಾವುದು ಅಂತ ನನಗೂ ಗೊತ್ತಿಲ್ಲ. ಹಾಕಿಕೊಟ್ಟವರನ್ನ ಒಂದು ಮಾತು ಕೇಳಿ.”

“ಇಷ್ಟು ದಿನದಲ್ಲಿ ಒಂದು ದಿನವಾದರೂ ಬಾಯಿ ಬಿಟ್ಟಿದೆಯೇನಯ್ಯ ಅದು? ಕೇಳುತ್ತಾ ಕೂತರೆ ನಾಳೆ ಬೋಣಿಗೆ ನೀನು ಮಾಡ್ತೀಯಾ?”

ರಿಪೇರಿಯವನು ನಕ್ಕ. ವ್ಯಾಪಾರಿ ಅದನ್ನೂ ಒತ್ತಿದ.

ಮರುದಿನ ಸುಪ್ರಭಾತದ ಮೊದಲ ಸಾಲು ಮುಗಿಯುವುದರೊಳಗೆ ಬಿಲ್ಲು ಬಂತು. ಹೂವಾಡಗಿತ್ತಿ ನಗುನಗುತ್ತಾ ಹೋದಳು. ಮಲ್ಲಿಗೆಯ ಕಾಲ ಮುಗಿದು ಕನಕಾಂಬರ ಬಂತು. ಅವಳು ಒಂದು ದಿನವೂ ಕಾಯಲಿಲ್ಲ.

ಒಮ್ಮೆ ಅಂಗಡಿಯ ವಾರದ ರಜಾದಿನ, ಬಾಗಿಲು ಹಾಕಿದ್ದ ಹೊತ್ತಿನಲ್ಲಿ, ಇನ್ಸುಲಿನ್ ಇಡುವ ಫ್ರಿಜ್ ಕೆಟ್ಟಿತು. ತಂಪು ಮಿತಿ ಮೀರಿ ಔಷಧಿ ಗಡ್ಡೆ ಕಟ್ಟಿತು. ನಸುಕಿಗೆ ಕರೆಂಟು ಹೋಗಿ ಗಡ್ಡೆ ಕರಗಿತು. ಬೆಳಗಾಗುವಾಗ ಕರೆಂಟು ಬಂದು ಫ್ರಿಜ್ ಮೊದಲಿನಂತೆ ಓಡತೊಡಗಿತು. ಇನ್ಸುಲಿನ್ ಒಮ್ಮೆ ಗಡ್ಡೆ ಕಟ್ಟಿದರೆ ಅದರ ಬಲ ಹೋಯಿತು. ಮತ್ತೆ ಕರಗಿದಾಗ ಕಣ್ಣಿಗೆ ವ್ಯತ್ಯಾಸ ಕಾಣದೆ ಹೋಗಬಹುದು. ವ್ಯಾಪಾರಿಗೂ ಕಾಣಲಿಲ್ಲ. ಅವನು ಬಾಗಿಲು ತೆರೆದ, ಸೀಸೆ ಮುಟ್ಟಿ ನೋಡಿದ. ತಣ್ಣಗಿತ್ತು. ಹೂವಾಡಗಿತ್ತಿಯ ಕೈಗೆ ಕೊಟ್ಟ. ಅಂದಿನ ಬೋಣಿಗೆಯೂ ಚೆನ್ನಾಗಿಯೇ ಆಯಿತು.

ತಾಯಿ ದಿನವೂ ಚುಚ್ಚಿದಳು. ಮದ್ದು ಹತ್ತಲಿಲ್ಲ. ಮಗು ಕೊಡಗಟ್ಟಲೆ ನೀರು ಕುಡಿಯಿತು, ವಾಂತಿ ಮಾಡಿತು, ಶಾಲೆಯಲ್ಲಿ ಕುಸಿದು ಬಿತ್ತು. ಆಸ್ಪತ್ರೆಯವರು ಬದುಕಿಸಿದರು. ಆದರೆ ಮೊದಲು ಪದ್ಯವನ್ನು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದ ಹುಡುಗಿಗೆ ಈಗ ಅಮ್ಮ ಎನ್ನಲೂ ನಾಲಗೆ ತಡವರಿಸುತ್ತದೆ.

ಸುದ್ದಿ ಕೇಳಿ ವ್ಯಾಪಾರಿ ಫ್ರಿಜ್ ಮಾರಿದವನನ್ನು ಕರೆಸಿದ. ಅವನು ಬಂದವನೇ ಕಂಪ್ಯೂಟರಿನ ಮುಂದೆ ಕೂತ.

“ರಾತ್ರಿಯ ಸುದ್ದಿ ಕೇಳುವ ಪ್ರೋಗ್ರಾಂ ಎಲ್ಲಿ, ಸಾಹುಕಾರ್ರೇ?”

“ಯಾವುದು?”

“ಫ್ರಿಜ್ಜಿನೊಳಗೆ ಒಂದು ಸಣ್ಣ ಡಬ್ಬಿ ಅಂಟಿಸಿಲ್ವಾ ನಾನು? ಎಷ್ಟು ತಂಪಿತ್ತು ಅಂತ ಅದು ಹೊತ್ತುಹೊತ್ತಿಗೂ ನೆನಪಿಟ್ಟುಕೊಳ್ಳುತ್ತೆ. ಬೆಳಗ್ಗೆ ಈ ಪ್ರೋಗ್ರಾಂ ಎದ್ದು, ರಾತ್ರಿ ಹೇಗಿತ್ತು ಅಂತ ಅದನ್ನ ಕೇಳುತ್ತೆ. ಪೂರ್ತಿ ಕೇಳ್ಬೇಕಲ್ಲ, ಅದಕ್ಕೇ ಸ್ವಲ್ಪ ಹೊತ್ತು ಹಿಡಿಯುತ್ತೆ. ಏನಾದರೂ ಹೆಚ್ಚುಕಡಿಮೆ ಆಗಿದ್ರೆ ಪರದೆ ತುಂಬ ಕೆಂಪಾಗುತ್ತೆ.”

“ಅದು ಒಂದು ದಿನವೂ ಬಾಯಿ ಬಿಡಲಿಲ್ಲವಲ್ಲಯ್ಯಾ.”

“ನಿಮ್ಮ ಫ್ರಿಜ್ ಚೆನ್ನಾಗಿತ್ತು, ಸಾಹುಕಾರ್ರೇ. ಅದಕ್ಕೆ ಹೇಳೋದಕ್ಕೆ ಏನಿತ್ತು?”

ವ್ಯಾಪಾರಿ ಹೂವಿನ ಪೇಟೆಗೆ ಹೋದ. ಅವಳ ಬುಟ್ಟಿಯ ಮುಂದೆ ನಿಂತು, ತಾನು ಮಾಡಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಅವಳು ಹೂ ಕಟ್ಟುತ್ತಲೇ ಕೇಳಿಸಿಕೊಂಡಳು.

“ಅಷ್ಟೊಂದು ಅವಸರ ಏನಿತ್ತಣ್ಣಾ ನಿಮಗೆ?”

“ನೀನು ಕಾಯಬಾರದು ಅಂತ, ತಾಯಿ.”

ಅವಳ ಕೈ ನಿಂತಿತು.

“ಕಾಯ್ತಿದ್ದೆ” ಎಂದಳು. “ನಿಮ್ಮನ್ನ ಬೈಕೊಂಡಾದ್ರೂ ಕಾಯ್ತಿದ್ದೆ.”

ಆಮೇಲೆ ಅವಳು ತಲೆ ಎತ್ತಲಿಲ್ಲ. ಅವನ ಅಂಗಡಿಯ ಕಡೆಗೂ ಮತ್ತೆ ಬರಲಿಲ್ಲ.

ಈಗ ಆ ಅಂಗಡಿಯಲ್ಲಿ ಸುಪ್ರಭಾತವಿಲ್ಲ, ಹೆಸರು ಹಿಡಿದು ಶುಭೋದಯ ಹೇಳುವವರಿಲ್ಲ. ಗುಂಡಿ ಒತ್ತಿದರೆ ಬಿಲ್ಲಿನದು ಏಳುತ್ತದೆ, ರಾತ್ರಿಯ ಸುದ್ದಿ ಕೇಳುವುದು ಏಳುತ್ತದೆ. ಅದು ಕೇಳಿ ಮುಗಿಸುವವರೆಗೆ ವ್ಯಾಪಾರಿ ಕೈಕಟ್ಟಿ ಕಾಯುತ್ತಾನೆ. ಆ ಹೊತ್ತಿನಲ್ಲಿ ಬಾಗಿಲ ಹೊರಗೆ ಯಾರೂ ನಿಂತಿರುವುದಿಲ್ಲ. ದೇವರ ಪಟಕ್ಕೆ ಅವನು ಬೇರೆಯವರಿಂದ ಹೂ ಕೊಳ್ಳಲೇ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು. ತಿಳಿಯಿತೆಂದು ಶಿಷ್ಯನಿಗೆ ಅನ್ನಿಸಿತು.

“ಹಾಗಾದರೆ ಗುರುಗಳೇ, ಹಾಡನ್ನೂ ಹೊಗಳಿಕೆಯನ್ನೂ ಮೊದಲು ನಿಲ್ಲಿಸುತ್ತೇನೆ. ಜಗಳವನ್ನೂ ನಿಲ್ಲಿಸುತ್ತೇನೆ. ಆ ಅಳುಕನ್ನು ಏನು ಮಾಡಲಿ?”

ಗುರುಗಳು ಅವನ ಮುಖವನ್ನೇ ನೋಡಿದರು.

“ಅದು ದಿನವೂ ನಿನ್ನನ್ನು ಯಾವ ರಾತ್ರಿಯ ಸುದ್ದಿ ಕೇಳುತ್ತಿದೆ, ಮಗು?”