ಕೊಕ್ಕರೆ ತಂದ ಹೊಸ ನಡಿಗೆ

ಪರದೇಶ ಸುತ್ತಿ ಬಂದ ಕೊಕ್ಕರೆ ಕೆರೆದಂಡೆಯ ಮೇಲೆ ಕಾಲು ಬಗ್ಗಿಸದೆ ಮೆಲ್ಲಗೆ ನಡೆಯುತ್ತಿತ್ತು.

“ಇದೇನಪ್ಪ ಈ ನಡಿಗೆ?” ಎಂದು ಆಮೆ ಕೇಳಿತು.

“ಅಲ್ಲಿಯ ದೊಡ್ಡವರೆಲ್ಲ ನಡೆಯುವುದು ಹೀಗೇ. ತೆವಳುವ ನಿನಗೆಲ್ಲಿ ಗೊತ್ತಾಗಬೇಕು?”

“ಒಂಟಿಕಾಲಲ್ಲಿ ನಿಲ್ಲುತ್ತಿದ್ದೆಯಲ್ಲ, ಅದನ್ನೂ ಬಿಟ್ಟೆಯಾ?”

“ಅದೆಲ್ಲ ಹಳ್ಳಿಗುಗ್ಗುಗಳ ಚಾಳಿ.”

“ಅಲ್ಲಿ ಸೊಳ್ಳೆ ಇದ್ದವೇ?”

“ಒಂದು ಕಚ್ಚಿತು. ಅಷ್ಟು ಸಣ್ಣ ಹುಳಕ್ಕೆ ಹೆದರಿ ನಾನು ಪರದೆ ಕಟ್ಟಬೇಕೇ? ಜ್ವರ ಬಂತು, ಹೋಯಿತು.”

“ಜ್ವರವೇನೋ ಹೋಯಿತು. ಚಿಕೂನ್‌ಗುನ್ಯಾ ನಿನ್ನ ಕೀಲುಗಳಲ್ಲೇ ಬಿಡಾರ ಹೂಡಿದೆ. ನಡಿ, ಡಾಕ್ಟರ ಹತ್ತಿರ ಹೋಗೋಣ” ಎಂದು ಆಮೆ ಮುಂದೆ ಹೊರಟಿತು.

ಹುಣಸೆಮರ ದಾಟುವಷ್ಟರಲ್ಲಿ ಹಿಂದಿನಿಂದ ಕೊಕ್ಕರೆ ಕೂಗಿತು:

“ಆಮೆಯಣ್ಣಾ, ಅಷ್ಟು ಜೋರಾಗಿ ಓಡಬೇಡವೋ!”