ಚಪ್ಪಲಿ ಕೋಣೆಯ ಬೀಗದ ಕೈ

ನಮ್ಮ ವಿಶ್ವವಿದ್ಯಾಲಯದಲ್ಲಿ ಊರಿನವರಿಗಾಗಿ ಪ್ರತಿ ಭಾನುವಾರ ಸಂಜೆ ಉಚಿತ ಸಂಗೀತ ಕಾರ್ಯಕ್ರಮ. ಏರ್ಪಾಡು ಮಾಡುವ ಗುಮಾಸ್ತ ನಾನು. ಹಾಡುವವರು ಸ್ವತಃ ವಿ.ಸಿ. ಸಾಹೇಬರು. ಜನ ಬರುತ್ತಿದ್ದರು, ಎರಡನೇ ಹಾಡಿಗೆ ಎದ್ದು ಹೋಗುತ್ತಿದ್ದರು.

ಒಂದು ದಿನ ಸಾಹೇಬರು ನನ್ನನ್ನು ಕರೆಸಿದರು. "ಈ ಭಾನುವಾರ ಒಬ್ಬರೂ ಮಧ್ಯದಲ್ಲಿ ಏಳಬಾರದು. ಎದ್ದರೆ ನಿಮ್ಮನ್ನ ಪರೀಕ್ಷಾ ವಿಭಾಗಕ್ಕೆ ಹಾಕ್ತೀನಿ."

ಪರೀಕ್ಷಾ ವಿಭಾಗದ ಕೆಲಸ ಮಾಡುವಷ್ಟು ಬುದ್ಧಿ ಇದ್ದಿದ್ದರೆ ನಾನು ಇಲ್ಲಿ ಯಾಕಿರುತ್ತಿದ್ದೆ? ಆದರೆ ಹೆದರಿಕೆಯಾದಾಗ ಮಾತ್ರ ನನ್ನ ತಲೆ ಸ್ವಲ್ಪ ಓಡುತ್ತದೆ.

ಭಾನುವಾರ ಸಭಾಂಗಣದ ಬಾಗಿಲಿಗೆ ಬೋರ್ಡು ಹಾಕಿಸಿದೆ: "ಸರಸ್ವತಿಯ ಸನ್ನಿಧಿ. ಚಪ್ಪಲಿ ಬಿಟ್ಟು ಬನ್ನಿ. ಕಾಯುವ ಜವಾಬ್ದಾರಿ ನಮ್ಮದು." ಎಲ್ಲರ ಚಪ್ಪಲಿಯನ್ನೂ ಪಕ್ಕದ ಕೋಣೆಗೆ ತುಂಬಿಸಿ ಬೀಗ ಜಡಿದೆ. ಬೀಗದ ಕೈ ಜೇಬಿಗೆ ಹಾಕಿಕೊಂಡು ಕ್ಯಾಂಟೀನಿಗೆ ಹೋಗಿ ಬೋಂಡಾ ತಿನ್ನುತ್ತಾ ಕೂತೆ. ಅಲ್ಲಿಗೆ ಹಾಡು ಕೇಳಿಸುವುದಿಲ್ಲ.

ಮೂರು ಗಂಟೆ ಬಿಟ್ಟು ಬಂದು ನೋಡಿದರೆ ಒಂದು ಕುರ್ಚಿಯೂ ಖಾಲಿಯಿಲ್ಲ. ಕೊನೆಯ ಹಾಡು ಮುಗಿಸಿದ್ದ ಸಾಹೇಬರು ಉಬ್ಬಿಹೋಗಿದ್ದರು. "ನೋಡಿದ್ರೇನ್ರೀ, ಜನಕ್ಕೆ ರುಚಿ ಹತ್ತಿದೆ!"

ಅಷ್ಟರಲ್ಲಿ ಹಾಲಿನ ಬೂತಿನ ಪುಟ್ಟಗೌರಮ್ಮ ಬಂದು ನನ್ನ ತೋಳು ಜಗ್ಗಿದರು. "ಎಲ್ಲಿ ಹಾಳಾಗಿ ಹೋಗಿದ್ಯಪ್ಪ? ಎರಡನೇ ಹಾಡಿಗೇ ಏಳೋಣ ಅಂದ್ರೆ ಕೋಣೆಗೆ ಬೀಗ! ಹೊಸ ಚಪ್ಪಲಿ ಬಿಟ್ಟು ಹೆಂಗೆ ಹೋಗೋದು?"

ಸಾಹೇಬರ ಮುಖ ಇಳಿಯಿತು. ನಾನು ಮನಸ್ಸಿನಲ್ಲೇ ಪರೀಕ್ಷಾ ವಿಭಾಗಕ್ಕೆ ಹೊರಟೆ. ಆದರೆ ಅವರು ಕೈ ಚಾಚಿದರು.

"ಬೀಗದ ಕೈ ಕೊಡಿ. ಇನ್ಮೇಲೆ ಇದು ನನ್ನ ಹತ್ರ ಇರುತ್ತೆ. ಮುಂದಿನ ಭಾನುವಾರದಿಂದ ನೀವು ಮೊದಲನೇ ಸಾಲಲ್ಲಿ ಕೂತ್ಕೋಬೇಕು."

ಆಮೇಲೆ ನನ್ನ ಕಾಲು ನೋಡಿ ಅಂದರು: "ಚಪ್ಪಲಿ ಬಿಟ್ಟು ಬನ್ನಿ."